ಕಿಟಕಿಗೂ ಬಾಡಿಗೆ

ಹೊರಡುವ ಬೆಳಿಗ್ಗೆ ಹೋಂಸ್ಟೇ ಒಡತಿ ಗಿರಿಜಾಂಬ ಬಿಲ್ಲು ಕೊಟ್ಟರು. ಓದಿದ ಅತಿಥಿ ಹುಬ್ಬೇರಿಸಿದಳು.

"ಆ್ಯಪ್‌ನಲ್ಲಿ ಎಲ್ಲಾ ಸೇರಿ ಎರಡು ಸಾವಿರ ಅಂತಿತ್ತಲ್ಲ? ಇಲ್ಲಿ ಮೂರೂವರೆ ಆಗಿದೆ!"

"ಅದು ಬರೀ ರೂಮಿಗೆ ಕಣಮ್ಮ. ಬಿಸಿನೀರು ಬೇರೆ, ಹೊಳೆ ಕಾಣೋ ಕಿಟಕಿ ಬೇರೆ. ಆಮೇಲೆ ಪಂಚಾಯ್ತಿ ತೆರಿಗೆ. ಅದಂತೂ ನಮ್ಮ ಕೈಲಿಲ್ಲ ನೋಡಿ."

ಅಷ್ಟರಲ್ಲಿ ಪಂಚಾಯ್ತಿಯ ಬಿಲ್ ಕಲೆಕ್ಟರೇ ಗೇಟು ತೆಗೆದು ಒಳಗೆ ಬಂದ. ಗಿರಿಜಾಂಬ ಬಿಲ್ಲನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದರು.

"ನನ್ನ ತಂಗಿ ಮಗಳು ಅಂತ ಹೇಳಿಬಿಡಿ, ನಿಮ್ಮ ದಮ್ಮಯ್ಯ!" ಎಂದು ಪಿಸುಗುಟ್ಟಿದರು.

"ಏನಮ್ಮ, ಮತ್ತೆ ಬಾಡಿಗೆಯವರು ಬಂದ ಹಾಗಿದೆ? ನೀವು ತೆರಿಗೆ ಒಂದು ಸಲಾನೂ ಕಟ್ಟಿಲ್ಲ," ಎಂದ ಕಲೆಕ್ಟರ್.

"ಅಯ್ಯೋ, ಬಿಡ್ತು ಅನ್ನಿ! ಇವಳು ನನ್ನ ತಂಗಿ ಮಗಳು. ಮನೆಮಗಳ ಹತ್ರ ಯಾರಾದ್ರೂ ದುಡ್ಡು ತಗೋತಾರಾ?"

ಅವನು ಅತಿಥಿಯತ್ತ ತಿರುಗಿದ. "ಹೌದೇನಮ್ಮ?"

"ಹೌದು ಸಾರ್," ಎಂದ ಅವಳು ಬ್ಯಾಗನ್ನು ಹೆಗಲಿಗೇರಿಸಿ, ಬಗ್ಗಿ ಗಿರಿಜಾಂಬರ ಕಾಲು ಮುಟ್ಟಿ ನಮಸ್ಕರಿಸಿದಳು.

"ಹೊರಡ್ತೀನಿ ದೊಡ್ಡಮ್ಮ. ಹೋದ ಸಲದ ಹಾಗೆ ಬರೀ ರವಿಕೆ ಕಣ ಬೇಡ, ಈ ಸಲ ಸೀರೆನೇ ಇಟ್ಟು ಮಡಿಲು ತುಂಬಿ ಕಳಿಸು."