ಅತ್ತಿಗೆಯ ತೋಟದ ಬೀನ್ಸ್

“ಅಯ್ಯೋ ಅತ್ತಿಗೆ, ಕೈ ಯಾಕೆ ತೊಳ್ಕೊಂಡ್ರಿ?”

ಊಟದ ವ್ಯಾನಿನ ಹಿಂಬಾಗಿಲಲ್ಲಿ ನಿಂತು ಮೈದುನ ಹಣೆ ಚಚ್ಚಿಕೊಂಡ. ಆಗಷ್ಟೇ ಬಸ್ಸಿಳಿದು ಬಂದ ಅತ್ತಿಗೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ದೊಡ್ಡ ಆಫೀಸು, ದೊಡ್ಡ ಜನ ಎಂದು ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ಬಂದಿದ್ದಳು.

“ಊಟ ಬಡಿಸೋ ಜಾಗಕ್ಕೆ ಕೊಳಕು ಕೈಯಲ್ಲಿ ಬರ್ತಾರೇನೋ?”

“ಅದು ಕೊಳಕಲ್ಲ ಅತ್ತಿಗೆ, ಮಣ್ಣು. ಜನ ನೋಡೋಕೆ ಬರೋದೇ ಅದನ್ನ.” ಆಫೀಸಿನ ಅಂಗಳದ ಹೂಕುಂಡದಿಂದ ಒಂದು ಹಿಡಿ ಮಣ್ಣು ತಂದು ಅವಳ ಅಂಗೈಗೆ ಸುರಿದ. “ಪೌಡರ್ ಹಚ್ಚಿದ ಹಾಗೆ ತೆಳ್ಳಗೆ ಹಚ್ಕೊಳ್ಳಿ. ಗಿಡಗಳ ಹತ್ರ ಮಾತಾಡ್ತೀರಾ ಅಂತ ಕೇಳಿದ್ರೆ ಹೂಂ ಅನ್ನಿ. ಅದರ ಮೇಲೆ ಒಂದು ಮಾತೂ ಬೇಡ.”

ವ್ಯಾನಿನ ಮೈಮೇಲೆ ಆಳೆತ್ತರದ ಅಕ್ಷರಗಳಿದ್ದವು: ‘ಅತ್ತಿಗೆಯ ತೋಟದಿಂದ ನೇರ ನಿಮ್ಮ ತಟ್ಟೆಗೆ’. ಅತ್ತಿಗೆ ಇದ್ದದ್ದು ನಿಜ, ತೋಟ ಇದ್ದದ್ದೂ ನಿಜ. ‘ನೇರ’ದ ಬಗ್ಗೆ ಮಾತ್ರ ಇದುವರೆಗೆ ಯಾರೂ ವಿಚಾರಿಸಿರಲಿಲ್ಲ. ಈ ಅಂಗಳದಲ್ಲಿ ವ್ಯಾನು ಇನ್ನೊಂದು ವರ್ಷ ನಿಲ್ಲಬಹುದೇ ಎಂದು ತೀರ್ಮಾನಿಸಬೇಕಾದ ಮೇಡಂ, ರುಜು ಹಾಕುವ ಮುಂಚೆ ಅತ್ತಿಗೆಯನ್ನು ಕಣ್ಣಾರೆ ನೋಡಬೇಕು ಎಂದಿದ್ದರು.

ಊಟದ ಹೊತ್ತಿಗೆ ಸರಿಯಾಗಿ ಮೇಡಂ ಇಳಿದು ಬಂದರು. ಅತ್ತಿಗೆಯ ಕೈಗಳನ್ನು ಹಿಡಿದು ಫೋಟೊ ತೆಗೆಸಿಕೊಂಡರು. “ನೋಡಿ, ಇವು ನಿಜವಾದ ಕೈಗಳು,” ಎಂದು ಸಾಲಿನಲ್ಲಿ ನಿಂತವರಿಗೆ ಗದ್ಗದಿತರಾಗಿ ಹೇಳಿ, ಬ್ಯಾಗಿನಿಂದ ಪುಟ್ಟ ಬಾಟಲಿ ತೆಗೆದು ತಮ್ಮ ಕೈಗಳಿಗೆ ಸ್ಯಾನಿಟೈಸರ್ ಹಾಕಿಕೊಂಡರು.

“ಗಿಡಗಳ ಹತ್ರ ಮಾತಾಡ್ತೀರಂತೆ?”

ಅತ್ತಿಗೆ ಮೈದುನನ ಕಡೆ ನೋಡಿದಳು. ಅವನು ಸೌಟಿನ ಸಮೇತ ತಲೆಯಾಡಿಸುತ್ತಿದ್ದ.

“ಹೂಂ,” ಎಂದಳು. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. “ಹುಳ ಬಿದ್ದಾಗ ಬೈತೀನಿ.”

“ಎಷ್ಟು ಸಹಜ!” ಎಂದ ಮೇಡಂ, ತಟ್ಟೆಯಿಂದ ಬೀನ್ಸಿನ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. “ಈ ಬೀನ್ಸಲ್ಲಿ ನಿಮ್ಮ ಬೆವರಿನ ರುಚಿ ಇದೆ.”

ಅತ್ತಿಗೆ ಪಾತ್ರೆಯೊಳಗೆ ಬಗ್ಗಿ ನೋಡಿದಳು. “ಇದು ನಮ್ಮದಲ್ಲ. ನಮ್ಮ ಬೀನ್ಸ್ ಹೋದ ವಾರಾನೇ ಮುಗೀತು. ಬಳ್ಳಿ ಕೂಡ ಕಿತ್ತು ಹಾಕಿದೀನಿ.”

ಸಾಲಿನಲ್ಲಿದ್ದವರು ವ್ಯಾನಿನ ಮೇಲಿನ ಅಕ್ಷರಗಳ ಕಡೆ ತಿರುಗಿ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮೈದುನ ತನ್ನ ಏಪ್ರನ್ ಒರೆಸಿಕೊಂಡ. “ಅದು... ಒಂದೆರಡು ದಿನ ಮಾರ್ಕೆಟ್ಟಿಂದ... ಜನ ಬೀನ್ಸೇ ಬೇಕು ಅಂತಾರೆ ಮೇಡಂ...” ಅವನ ಮುಖ ನೋಡಿ ಅತ್ತಿಗೆಗೆ ಅಯ್ಯೋ ಅನಿಸಿತು. ಆದರೂ ಯಾರದೋ ಬೆಳೆಗೆ ಶಹಬಾಸ್‌ಗಿರಿ ಪಡೆಯುವುದು ಅವಳಿಂದಾಗದು. ಪಕ್ಕದ ಮನೆ ಮಗುವನ್ನು ಎತ್ತಿಕೊಂಡು ತನ್ನದೆಂದು ಹೇಳಿಕೊಂಡಷ್ಟು ನಾಚಿಕೆಯಾಗಿತ್ತು.

ಮೇಡಂ ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ‘ಸ್ಥಳೀಯ ಆಹಾರ ಯೋಜನೆ ಯಶಸ್ವಿ’ ಎಂಬ ವರದಿ ಬೆಳಿಗ್ಗೆಯೇ ಅವರ ಸಹಿಯೊಡನೆ ಮೇಲಕ್ಕೆ ಹೋಗಿತ್ತು.

“ನೋಡಿ, ಲೋಕಲ್ ಅನ್ನೋದು ಒಂದು ಜಾಗ ಅಲ್ಲ, ಒಂದು ಭಾವನೆ. ಬೀನ್ಸ್ ಎಲ್ಲಿಂದಾದ್ರೂ ಬಂದಿರ್ಲಿ, ಭಾವನೆ ಇಲ್ಲೇ ಬೆಳೆದಿದ್ದು.”

ಸಾಲು ಚಪ್ಪಾಳೆ ತಟ್ಟಿತು. ಮೇಡಂ ಅಲ್ಲೇ ಕಾಗದಕ್ಕೆ ರುಜು ಹಾಕಿದರು. ಹೋದ ಜೀವ ಬಂದಂತಾದ ಮೈದುನ ಅತ್ತಿಗೆಯ ಕಿವಿಯ ಬಳಿ ಪಿಸುಗುಟ್ಟಿದ: “ಇನ್ನು ಒಂದು ವರ್ಷ ಯೋಚನೆ ಇಲ್ಲ. ದಿನಾ ಬೀನ್ಸ್ ಹಾಕ್ಬಹುದು.”

“ಅದಕ್ಕೂ ಒಂದು ಕಾಲ ಅಂತ ಇದೆ ಕಣೋ.”

“ಕಾಲದ್ದೇನು ಅತ್ತಿಗೆ, ಮಾರ್ಕೆಟ್ಟಲ್ಲಿ ವರ್ಷ ಪೂರ್ತಿ ಸಿಗುತ್ತೆ.”

ಅತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಇನ್ನೊಂದು ಸೌಟು ತೆಗೆದುಕೊಂಡು ಪಕ್ಕದ ಪಾತ್ರೆಯ ಮುಚ್ಚಳ ಸರಿಸಿ, ಸಾಲಿಗೆ ಕೇಳುವಂತೆ ಹೇಳಿದಳು: “ಈ ಸೋರೆಕಾಯಿ ಮಾತ್ರ ನಮ್ಮದು. ನಿನ್ನೆ ಸಂಜೆ ನಾನೇ ಕೊಯ್ದು ಕಳಿಸಿದ್ದು. ಬೇಕಾದವರು ಈ ಕಡೆ ಬನ್ನಿ.”

ಜನ ಸೋರೆಕಾಯಿಯನ್ನು ಬಹಳ ಗೌರವದಿಂದ ನೋಡಿದರು. ಇಬ್ಬರು ಅದರ ಫೋಟೊ ತೆಗೆದರು. “ಅದ್ಭುತ, ಇದಪ್ಪಾ ಪ್ರಾಮಾಣಿಕತೆ,” ಎಂದು ಮೇಡಂ ಕೊಂಡಾಡಿದರು. ಆಮೇಲೆ ಎಲ್ಲರೂ ಬೀನ್ಸಿನ ಕಡೆಗೆ ಸರಿದರು. ಮೇಡಂ ಎರಡನೇ ಸಲ ಹಾಕಿಸಿಕೊಂಡರು.

ಸೋರೆಕಾಯಿಯ ಪಾತ್ರೆಯ ಹಬೆ ತೆಳುವಾಗುತ್ತಾ ಬಂತು. ಸೌಟು ಹಿಡಿದ ಕೈ ಇಳಿಸಲು ಅತ್ತಿಗೆಗೆ ಹಟ ಬಿಡಲಿಲ್ಲ. ಮುಕ್ಕಾಲು ಗಂಟೆಯ ನಂತರ ಗೇಟಿನ ವಾಚ್‌ಮನ್ ಬಂದ. ಬೀನ್ಸಿನ ಪಾತ್ರೆಯನ್ನು ತಿರುಗಿಯೂ ನೋಡದೆ ನೇರ ಅವಳ ಮುಂದೆ ತಟ್ಟೆ ಒಡ್ಡಿದ. ಅವಳ ಮುಖ ಅರಳಿತು. ಅನ್ನ ಮುಚ್ಚಿಹೋಗುವಂತೆ ಮೂರು ಸೌಟು ಸುರಿದಳು.

“ನಿಮಗೊಬ್ಬರಿಗಾದ್ರೂ ಗೊತ್ತಾಯ್ತಲ್ಲಣ್ಣ, ನಮ್ಮ ನೆಲದ ರುಚಿ ಏನು ಅಂತ!”

ವಾಚ್‌ಮನ್ ತಟ್ಟೆಯನ್ನೂ ಅವಳನ್ನೂ ನೋಡಿ ಸಂಕೋಚದಿಂದ ತಲೆ ಕೆರೆದುಕೊಂಡ.

“ರುಚಿಗಿಚಿ ನಂಗೇನು ಗೊತ್ತಕ್ಕ? ಬೀನ್ಸ್ ತಿಂದ್ರೆ ಹೊಟ್ಟೆ ಉಬ್ಬರಿಸುತ್ತೆ.”