ಟೈಲರನ ಗಟ್ಟಿ ಮೂಳೆ

ನನ್ನ ಮೂಳೆ ಎಷ್ಟು ಗಟ್ಟಿ ಎಂದರೆ, ಮೊನ್ನೆ ಬಸ್ಸೊಂದು ಬಂದು ನನ್ನ ಮೊಣಕೈಗೆ ಗುದ್ದಿತು. ಬಸ್ಸನ್ನು ಗ್ಯಾರೇಜಿಗೆ ಎಳೆದುಕೊಂಡು ಹೋದರು. ನಾನು ಕೈಯಲ್ಲಿದ್ದ ಅಂಗಿಗೆ ಗುಂಡಿ ಹಾಕುವುದನ್ನೂ ನಿಲ್ಲಿಸಲಿಲ್ಲ.

ಇಂಥ ನನ್ನನ್ನು ಒಂದು ಸೂಜಿ ಸೋಲಿಸಿತು. ಬಲಗೈ ಹೆಬ್ಬೆರಳಿಗೆ ಚುಚ್ಚಿ, ಕೀವಾಗಿ, ಬೆರಳು ಬದನೆಕಾಯಿಯಂತೆ ಊದಿತು. ಡಾಕ್ಟರು ಕೊಟ್ಟ ಆಂಟಿಬಯೋಟಿಕ್ ಮುಗಿಯುತ್ತ ಬಂದರೂ ಊತ ಇಳಿಯಲಿಲ್ಲ. ನಾಳೆ ಕೊಯ್ದೇ ನೋಡಬೇಕು ಎಂದರು. ಕತ್ತರಿ ಹಿಡಿಯುವ ಬೆರಳು ಹೋದರೆ ಟೈಲರಿಗೆ ಇನ್ನೇನು ಉಳಿಯಿತು?

ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಮಗಳು ಬಂದವಳೇ ವಿಚಾರಣೆ ಶುರು ಮಾಡಿದಳು.

"ಅಪ್ಪಾ, ಮಾತ್ರೆ ತಪ್ಪಿಸಿದ್ದೀಯಾ?"

"ನಾನಾ? ಸೂರ್ಯ ಹುಟ್ಟೋದು ತಪ್ಪಬಹುದು, ನನ್ನ ಮಾತ್ರೆ ತಪ್ಪಲ್ಲ."

"ಹಾಲಿನ ಜೊತೆ ತಗೊಂಡ್ಯಾ?"

"ನೀನು ಬೇಡ ಅಂದಾಗಿಂದ ಹಾಲಿನವನ ಮುಖ ಕೂಡ ನೋಡಿಲ್ಲ."

"ಅಸಿಡಿಟಿ ಮಾತ್ರೆ?"

"ಕಲ್ಲು ಅರಗಿಸೋ ಹೊಟ್ಟೆ ಕಣಮ್ಮ ಇದು!"

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ನನ್ನ ಹೆಂಡತಿ, "ಸಾಕು ಬಿಡೇ, ಪಾಪ ಅವರಿಗೇ ನೋವು" ಎನ್ನುತ್ತ ಎದ್ದಳು. ಮಂಡಿ ಕಟಕ್ಕೆಂದಿತು. ಗೋಡೆ ಹಿಡಿದುಕೊಂಡು ಮತ್ತೆ ಕುಳಿತಳು. ಮಗಳು ಆ ಮಂಡಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಅಮ್ಮಾ, ನಿನ್ನ ಕ್ಯಾಲ್ಸಿಯಂ ಮಾತ್ರೆ ತಿಂಗಳು ತಿಂಗಳು ಖಾಲಿಯಾಗ್ತಿದೆಯಲ್ಲ, ಯಾರ ಹೊಟ್ಟೆಗೆ ಹೋಗ್ತಿದೆ?"

ಹೆಂಡತಿ ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಆಗಲೇ ಇತ್ತು.

"ಇಲಿ ತಿಂದಿರಬೇಕು," ಎಂದೆ. "ಈ ಮನೆ ಇಲಿಗಳು ಕುರಿ ಗಾತ್ರ..."

"ಅಪ್ಪಾ! ಕ್ಯಾಲ್ಸಿಯಂ ಜೊತೆಗೆ ಹೋದ್ರೆ ನಿನ್ನ ಔಷಧಿನ ಹೊಟ್ಟೆಯಲ್ಲೇ ಕಟ್ಟಿ ಹಾಕುತ್ತೆ, ರಕ್ತಕ್ಕೆ ಸೇರೋಕೇ ಬಿಡಲ್ಲ. ಹಾಲು ಬೇಡ ಅಂದಿದ್ದೂ ಅದಕ್ಕೇ." ಅವಳು ಡಾಕ್ಟರಿಗೆ ಫೋನ್ ಮಾಡಿ, ಅಪ್ಪ ಇನ್ನೇನೋ ನುಂಗ್ತಿರೋ ಹಾಗಿದೆ ಎಂದು ಹೇಳಿ, ಫೋನನ್ನು ನನ್ನ ಕಿವಿಗೇ ಹಿಡಿದಳು. "ಇಲಿ ಕಥೆ ಅವರಿಗೆ ಹೇಳು."

"ಏನ್ರೀ ಟೈಲರ್, ನನ್ನ ಮಾತ್ರೆ ಜೊತೆ ಬೇರೆ ಏನಾದ್ರೂ ತಗೋತಿದ್ರಾ?" ಎಂದರು ಡಾಕ್ಟರು.

ಕುರಿ ಗಾತ್ರದ ಇಲಿ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೆಂಡತಿ ಕುಂಟುತ್ತ ಬಂದು, ಊದಿದ ನನ್ನ ಕೈಯ ಕೆಳಗೆ ತನ್ನ ಅಂಗೈ ಇಟ್ಟಳು.

ಬಸ್ಸು ನನಗೆ ಗುದ್ದಿಯೇ ಇರಲಿಲ್ಲ.

"ತಗೋತಿದ್ದೆ ಡಾಕ್ಟ್ರೇ. ಆ ಕ್ಯಾಲ್ಸಿಯಂ ಮಾತ್ರೆ ಸೀಮೆಸುಣ್ಣದಷ್ಟು ದಪ್ಪ. ನುಂಗೋವಾಗ ಇವಳ ಕಣ್ಣಲ್ಲಿ ನೀರು ಬರುತ್ತೆ, ನುಂಗದಿದ್ರೆ ಮಗಳು ಬೈತಾಳೆ. ಅದಕ್ಕೆ ದಿನಾ ಬೆಳಗ್ಗೆ ನನ್ನ ಮಾತ್ರೆ ಜೊತೆ ಅದನ್ನೂ ನಾನೇ ನುಂಗಿಬಿಡ್ತಿದ್ದೆ. ನನ್ನ ಮೂಳೆ ಗಟ್ಟಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀನಲ್ಲ, ಆ ಗಟ್ಟಿತನ ಎಲ್ಲ ಇವಳದು."