ಸಡಿಲವಾದ ಆಂಟೆನಾ

ಹಾವೇರಿಯ ಬಳೆಗಾರ ಓಣಿ ಕಾಲದಲ್ಲಿ ಹಿಂದೆ ಬಿದ್ದಿದೆ ಎಂದು ದೂರು ಬಂದಾಗ, ಬರುವುದು ತಡವಾಗುತ್ತದೆಂದು ಮನೆಯಲ್ಲಿ ಹೇಳಿಯೇ ನೀಲಗಂಗಾ ರಿಪೇರಿಗೆ ಹೊರಟಳು. ಪ್ರತಿ ಓಣಿಗೂ ಕಾಲ ಇಳಿದುಬರುವುದು ಅದರದೇ ಜಿಪಿಎಸ್ ಆಂಟೆನಾದಿಂದ. ಸಿಗ್ನಲ್ ಕುಂದಿದರೆ ಅಲ್ಲಿ ಕಾಲ ನಿಧಾನವಾಗುತ್ತದೆ. ಊರಲ್ಲೆಲ್ಲ ಸಂಕ್ರಾಂತಿ ಮುಗಿದಿತ್ತು. ಈ ಓಣಿಯಲ್ಲಿ ಇನ್ನೂ ದೀಪಾವಳಿಯ ಆಕಾಶಬುಟ್ಟಿಗಳು ತೂಗುತ್ತಿದ್ದವು.

ಕಂಬದ ಪೆಟ್ಟಿಗೆಯೊಳಗೆ ರಿಸೀವರಿನ ಕೆಂಪು ದೀಪ ಮಿನುಗುತ್ತಿತ್ತು. ಬೇರೆ ರಿಸೀವರ್ ಹಾಕಿ ನೋಡಿದರೂ ಕೆಂಪೇ. ಕೇಬಲ್ ಎಲ್ಲೂ ತುಂಡಾಗಿರಲಿಲ್ಲ. ಉಳಿದದ್ದು ಓಣಿಯ ದ್ರಾಕ್ಷಾಯಣಿ ಎಂಬಾಕೆಯ ಮನೆಯ ಮಾಳಿಗೆಯ ಮೇಲಿದ್ದ ಆಂಟೆನಾ.

ಮಾಳಿಗೆ ಹತ್ತಿ ನೋಡಿದರೆ ಅದರ ಕನೆಕ್ಟರ್ ಸಡಿಲವಾಗಿತ್ತು. ತುಕ್ಕು ಹಿಡಿದಿರಲಿಲ್ಲ, ಆದರೆ ಇಕ್ಕಳದ ಹೊಸ ಗೀರುಗಳಿದ್ದವು. ನೀಲಗಂಗಾಳಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು.

"ಅಕ್ಕಾರ, ಇದನ್ನ ನೀವ ಸಡ್ಲ ಮಾಡೀರೇನು?"

ಅಲ್ಲೇ ಬಟ್ಟೆ ಒಣಹಾಕುತ್ತಿದ್ದ ದ್ರಾಕ್ಷಾಯಣಿ ತಲೆ ತಗ್ಗಿಸಿದಳು. "ಹೌದ್ರಿ. ನಮ್ಮನಿಯವ್ರು ಹಡಗಿನ್ಯಾಗ ಕೆಲಸಕ್ಕ ಹೋಗ್ಯಾರ. ಬರೂದು ಇನ್ನೊಂದು ವರ್ಷ ಅಂತ. ಇಲ್ಲಿ ಕಾಲ ನಿಧಾನ ನಡದ್ರ ನಾ ಕಾಯೂದು ಕಡಿಮಿ ಆಗ್ತೈತಲ್ರಿ?"

"ಆಗ್ತೈತಿ. ಆದ್ರ ಅವ್ರಿಗೆ ಪೂರಾ ವರ್ಷ ಆಗಿರ್ತೈತಿ. ಹಿಂಗ ಮಾಡ್ಕೋತ ಹೋದ್ರ ಅವ್ರು ನಿಮಗಿಂತ ಲಗೂನ ಮುದುಕ್ರಾಗ್ತಾರ."

ದ್ರಾಕ್ಷಾಯಣಿಗೆ ಇದು ಹೊಳೆದೇ ಇರಲಿಲ್ಲ. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹಗ್ಗದ ಮೇಲೆ ಎಸೆದು, ನೀಲಗಂಗಾಳ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು, ತಾನೇ ಕೂತು ಕನೆಕ್ಟರನ್ನು ತಿರುಗಿಸತೊಡಗಿದಳು.

"ಸಾಕ್ರಿ ಅಕ್ಕಾರ, ಬಿಗಿ ಆತು."

"ಇರ್ರಿ," ಎಂದಳು ದ್ರಾಕ್ಷಾಯಣಿ, "ಇನ್ನೊಂಚೂರು ತಿರುವ್ತೀನಿ."